ದ್ಯಾಮವ್ವನ ಪಾಲಿನ ಮೆಣಸಿನಕಾಯಿ

ನಾನು ಹುಟ್ಟಾ ಅನುಮಾನದವಳು. ಹಾಲು ಹಾಕುವವನು ಯಾವತ್ತೂ ಇಲ್ಲದ್ದು ಇವತ್ತು ನಮ್ಮ ದೇವರ ಕೋಣೆಯ ಕಡೆ ಕೈಮುಗಿದರೆ, ನೀರು ಜಾಸ್ತಿ ಬಿದ್ದಿರಬೇಕು ಎಂದುಕೊಳ್ಳುವ ಪೈಕಿ. "ನಿನ್ನ ಮುಂದ ದೇವರು ಬಂದು ನಿಂತ್ರೂ ಆಧಾರ್ ಕಾರ್ಡ್ ಕೇಳ್ತೀ ನೋಡವಾ" ಎಂದು ಅತ್ತೆ ನಗುತ್ತಿದ್ದರು. ಕೇಳದೆ ಏನು, ಬಂದವರೆಲ್ಲ ದೇವರೇ ಆಗಿರಬೇಕಲ್ಲ.

ಇದು ಅಪ್ಪನಿಂದ ಬಂದ ಗುಣ. ಅಪ್ಪ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲಿ ಮಾಡಿದವರು. ಚೀಲದ ಬಾಯಲ್ಲಿ ಎಷ್ಟೇ ಚಂದದ ಕೆಂಪು ಕಾಣಲಿ, ಮೊಣಕೈ ಮುಳುಗುವಂತೆ ಒಳಗೆ ಕೈ ಹಾಕಿ ಬುಡದಿಂದ ಒಂದು ಹಿಡಿ ಎಳೆಯುತ್ತಿದ್ದರು. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಒಣಗಿದ ಕಾಯಿಯೊಳಗೆ ಬೀಜ ಸದ್ದು ಮಾಡುತ್ತದೆ, ನೀರು ಹೊಡೆದ ಕಾಯಿ ಬಾಯಿ ಬಿಡುವುದಿಲ್ಲ. ಕಾಯಿ ಮುರಿಯದಿರಲಿ ಎಂದು ಚೀಲ ತುಂಬುವಾಗ ನಾಲ್ಕು ಹನಿ ಚಿಮುಕಿಸುವುದು ಎಲ್ಲರ ಪದ್ಧತಿ. ಆ ನಾಲ್ಕು ಹನಿ ಎಲ್ಲಿ ಮುಗಿದು ಮೋಸ ಎಲ್ಲಿ ಶುರುವಾಗುತ್ತದೆ ಎಂಬುದು ಮಾತ್ರ ಅಪ್ಪನ ಕಿವಿಗೆ ಗೊತ್ತಿತ್ತು.

ನಾನು ಓದಿದ್ದು ರಸಾಯನಶಾಸ್ತ್ರ. ಸೇರಿದ್ದು ಮೋಟೆಬೆನ್ನೂರು ದಾಟಿ ಹೆದ್ದಾರಿಯ ಪಕ್ಕದಲ್ಲಿರುವ, ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಗೆ. ದಿನಾ ಹಾವೇರಿಯಿಂದ ಬಸ್ಸು. ನಮ್ಮ ಬಣ್ಣ ಹಡಗು ಹತ್ತಿ ಹೋಗಿ ಯಾವುದೋ ದೇಶದ ಚಿಪ್ಸಿನ ಮೇಲೆ, ಯಾವುದೋ ಸಾರಿನ ಪುಡಿಯೊಳಗೆ ಕೂರುತ್ತದೆ. ಅದು ಶುದ್ಧವಾಗಿದೆ ಎಂದು ಹೇಳುವುದು ನನ್ನ ಕೆಲಸ. ಆದರೆ ನನ್ನ ಮಾತು ಸಾಲುತ್ತಿರಲಿಲ್ಲ. ಕಚೇರಿಯ ಗೋಡೆಯ ಮೇಲೆ ಎರಡು ಸರ್ಟಿಫಿಕೇಟುಗಳಿದ್ದವು. ಒಂದು ಹಲಾಲ್, ಮುಸಲ್ಮಾನರು ಉಣ್ಣಬಹುದು ಎಂದು ಹೇಳುವುದು. ಇನ್ನೊಂದು ಕೋಷರ್, ಯೆಹೂದಿಗಳು ಉಣ್ಣಬಹುದು ಎಂದು ಹೇಳುವುದು. ಒಂದಕ್ಕೆ ವರ್ಷಕ್ಕೊಮ್ಮೆ ಮೌಲ್ವಿಯೊಬ್ಬರು ಬಂದು ನೋಡಿ ಹೋಗುತ್ತಿದ್ದರು, ಇನ್ನೊಂದಕ್ಕೆ ರಬ್ಬಿ, ಅಂದರೆ ಯೆಹೂದಿಗಳ ಧರ್ಮಗುರು.

ಮೊದಮೊದಲು ಇಬ್ಬರ ಮೇಲೂ ನನಗೆ ಅನುಮಾನವೇ. ಮೆಣಸಿನಕಾಯಿಗೆ ಎಲ್ಲಿಯ ಧರ್ಮ? ಫೀಸು ತಗೊಂಡು ಮುದ್ರೆ ಒತ್ತುವ ದಂಧೆ ಎಂದುಕೊಂಡಿದ್ದೆ. ಆದರೆ ರಬ್ಬಿಯ ಕೆಲಸ ನೋಡಿದ ಮೇಲೆ ಆತ ನನ್ನ ಜಾತಿಯವನೇ ಎನ್ನಿಸಿತು. ನನಗಿಂತ ಚಿಕ್ಕವನು, ಕೆಂಚು ಗಡ್ಡ, ತಲೆಗೊಂದು ಪುಟ್ಟ ಟೊಪ್ಪಿಗೆ, ವರ್ಷದ ಬಹುಪಾಲು ಮುಂಬೈಯಲ್ಲಿ ಇರುತ್ತಿದ್ದ. ತೋರಿಸಿದ್ದನ್ನು ನೋಡುತ್ತಿರಲಿಲ್ಲ, ತೋರಿಸದ್ದನ್ನು ನೋಡುತ್ತಿದ್ದ. ಡ್ರಮ್ಮಿನ ಮುಚ್ಚಳ ತೆಗೆಸಿ ಮೂಸುವನು. ಬಾಯ್ಲರಿನಿಂದ ಹೊರಟ ಉಗಿ ಯಾವ ಕೊಳವೆಯಲ್ಲಿ ಹೋಗಿ ಯಾವುದರಲ್ಲಿ ವಾಪಸ್ ಬರುತ್ತದೆ ಎಂದು ಬೆರಳಿಟ್ಟು ಹಿಂಬಾಲಿಸುವನು. ನಾವು ಮನೆಯಿಂದ ತಂದ ಅಡುಗೆ ಮುಟ್ಟುತ್ತಿರಲಿಲ್ಲ. ಬಾಳೆಹಣ್ಣು ಕೊಟ್ಟರೆ ತಾನೇ ಸುಲಿದು ತಿನ್ನುವನು. "ನಮ್ಮ ಅಜ್ಜಿಯ ಮಡಿ ಇದರ ಮುಂದ ಏನೂ ಅಲ್ಲ" ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು.

ಬರುವ ದಿನವನ್ನು ಮಾತ್ರ ಯಾವತ್ತೂ ಮೊದಲೇ ತಿಳಿಸುತ್ತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ ಅದೇ ನಮ್ಮ ನಿಯಮ ಎಂದ. ಇಡೀ ದಿನ ಕಾವಲು ಕೂರಬೇಕಿಲ್ಲ, ಯಾವಾಗ ಬಂದಾನೋ ಎಂಬ ಅಂಜಿಕೆ ಇದ್ದರೆ ಅದೇ ಕಾವಲು ಎಂದು ಹಳೆಯ ಪಂಡಿತರು ತೀರ್ಮಾನಿಸಿದ್ದಾರಂತೆ. ಎಂಟುನೂರು ವರ್ಷಗಳ ಹಿಂದೆ ಕೈರೋ ಊರಿನಲ್ಲಿ ಆಸ್ಥಾನದ ವೈದ್ಯನಾಗಿದ್ದ ಒಬ್ಬ ಯೆಹೂದಿ ಪಂಡಿತನ ವಿಷಯ ಹೇಳಿದ. ಹಗಲೆಲ್ಲ ರೋಗಿಗಳನ್ನು ನೋಡಿ, ದಣಿದು ಮನೆಗೆ ಬಂದು, ತಲೆಮಾರುಗಳಿಂದ ಚದುರಿ ಬಿದ್ದಿದ್ದ ಧರ್ಮನಿಯಮಗಳ ವಾದ ವಿವಾದಗಳನ್ನೆಲ್ಲ ಆತ ಒಂದೇ ಗ್ರಂಥದ ಕಟ್ಟಿನೊಳಗೆ ತಂದನಂತೆ. ಆ ಕಟ್ಟನ್ನು ಬಿಟ್ಟು ಇವತ್ತಿಗೂ ಯಾವ ರಬ್ಬಿಯೂ ಮಾತಾಡುವಂತಿಲ್ಲ, ಒಪ್ಪದವನೂ ಅದನ್ನು ಎದುರಿಗಿಟ್ಟುಕೊಂಡೇ ಜಗಳವಾಡಬೇಕು. ಕೈರೋದಲ್ಲಿ ಸತ್ತವನು ಮೋಟೆಬೆನ್ನೂರಿನ ಬಾಯ್ಲರಿಗೆ ಕೈ ಹಾಕಿದ್ದು ನನಗೆ ವಿಚಿತ್ರವೆನಿಸಿತು, ಸ್ವಲ್ಪ ಸಿಟ್ಟೂ ಬಂತು.

ಇನ್ನೊಬ್ಬ ಪಂಡಿತರ ಪರಿಚಯ ಮಾಡಿಸಿದ್ದು ನಮ್ಮ ಚಾಚಾ. ಚಾಚಾ ಕಾರ್ಖಾನೆಗೆ ಕಾಯಿ ಖರೀದಿ ಮಾಡುವವರು, ರಾಣೆಬೆನ್ನೂರಿನವರು. ಮೊದಲು ಅಲ್ಲೇ ಒಂದು ಬೀಜದ ಕಂಪನಿಯಲ್ಲಿದ್ದು, ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಕಲಿತಿದ್ದರು. ಸೋಮವಾರ, ಗುರುವಾರ ಬ್ಯಾಡಗಿ ಮಾರ್ಕೆಟ್ಟು, ಉಳಿದ ದಿನ ನಮ್ಮ ಗೋದಾಮು. ಕಾರ್ಖಾನೆಯ ಪೂಜೆಗೆ ತೆಂಗಿನಕಾಯಿ, ಹೂವು, ಊದಿನಕಡ್ಡಿ ತರುವವರೂ ಅವರೇ, ಖರೀದಿ ಅಂದಮೇಲೆ ಎಲ್ಲ ಖರೀದಿಯೂ ಬಂತಲ್ಲ. ಕಾಯಿ ಒಡೆಯುವ ಹೊತ್ತಿಗೆ ಸರಿಯಾಗಿ ತೂಕದ ಕಾಟಾ ನೋಡಲು ಹೋಗಿಬಿಡುವರು. ಆಮೇಲೆ ಕೊಬ್ಬರಿ ಚೂರು ಕೊಟ್ಟರೆ ಎರಡೂ ಕೈ ಒಡ್ಡಿ ತಗೊಂಡು ಅಂಗಿಯ ಜೇಬಿಗೆ ಹಾಕುವರು. ತಿನ್ನುವುದನ್ನು ನಾನು ಕಂಡಿಲ್ಲ. ಅದು ಎಲ್ಲಿ ಹೋಗುತ್ತದೆ ಎಂಬುದು ನನ್ನನ್ನು ವರ್ಷಗಟ್ಟಲೆ ಕೊರೆದ ಪ್ರಶ್ನೆ. ಗೇಟು ದಾಟಿದ ಮೇಲೆ ಎಸೆಯುತ್ತಾರೆ ಎಂದು ನನ್ನ ಗುಮಾನಿ.

ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ. "ಚಾಚಾ, ಆ ಕೊಬ್ಬರಿ ಏನ್ ಮಾಡ್ತೀರಿ?"

ಅವರು ನಕ್ಕರು. "ಮೇಡಂ, ನಾ ಸಣ್ಣಾವ ಇದ್ದಾಗ ನಮ್ಮ ಉಸ್ತಾದ್‌ರು ಒಂದು ದೊಡ್ಡ ಕಿತಾಬು ಓದಿ ಹೇಳ್ತಿದ್ರು. ಬರದಾವ್ರು ಒಬ್ಬ ಇಮಾಮ್‌ರು. ಬಗ್ದಾದಿನ ದೊಡ್ಡ ಮದ್ರಸಾದಾಗ ಹೇಳಿಕೊಡ್ತಿದ್ರು, ಬಾದಶಾಗೋಳು ಮರ್ಯಾದಿ ಕೊಡ್ತಿದ್ರು. ಒಂದಿನ ಅವರಿಗೆ ತಮ್ಮ ಮ್ಯಾಲೇ ಅನುಮಾನ ಬಂತು. ನಾ ಪಾಠ ಹೇಳೂದು ಅಲ್ಲಾಗೋಸ್ಕರನೋ, ಮಂದಿ ವಾಹ್ವಾ ಅನ್ನಲಿ ಅಂತನೋ? ನಾಲಿಗಿನ ನಿಂತು ಹೋತಂತ. ನೌಕರಿ ಬಿಟ್ಟು ಫಕೀರನಂಗ ಹೊಂಟುಬಿಟ್ರು."

"ಅದಕ್ಕೂ ಕೊಬ್ಬರಿಗೂ ಏನ್ ಸಂಬಂಧರಿ?"

"ಐತ್ರಿ. ಅವರೇ ಬರದಾರ. ಒಬ್ಬಾಂವ ಪ್ರೀತಿಲಿಂದ ಊಟಕ್ಕ ಕರದ್ರ, ಇದು ಎಲ್ಲಿಂದ ತಂದಿ, ಹೆಂಗ ಗಳಿಸಿದಿ ಅಂತ ಕೆದಕಬಾರದು. ಆ ಊಟದಾಗ ತಪ್ಪು ಇರಬಹುದು, ಇರಲಿಕ್ಕಿಲ್ಲ. ಆದ್ರ ನೀ ಕೇಳಿದಿ ಅಂದ್ರ ಅವನ ಮನಸು ನೋಯೂದು ಖರೇ. ಗೊತ್ತಿಲ್ಲದ ತಪ್ಪಿಗೋಸ್ಕರ ಗೊತ್ತಿದ್ದ ತಪ್ಪು ಮಾಡಬ್ಯಾಡ. ಬ್ಯಾಡ ಅನಿಸಿದ್ರ ಸುಮ್ಮನ ನೆವಾ ಹೇಳಿ ಎದ್ದು ಬಾ."

ಕೊಬ್ಬರಿ ಎಲ್ಲಿ ಹೋಗುತ್ತದೆ ಎಂದು ಅವರು ಹೇಳಲೇ ಇಲ್ಲ, ನಾನು ಹಾಗೆ ಕೇಳಬಾರದಿತ್ತು ಎಂದು ಮಾತ್ರ ಮೆಲ್ಲಗೆ ಹೇಳಿದ್ದರು. ಅದು ತಿಳಿಯಲು ನನಗೆ ಹಾವೇರಿ ಬಸ್ ಸ್ಟ್ಯಾಂಡು ಬರಬೇಕಾಯಿತು. ಮೈ ಉರಿಯಿತು. ಅನುಮಾನ ಪಡಬೇಕಾದ್ದು ತನ್ನ ಮೇಲೆ, ಮಂದಿಯ ಮೇಲಲ್ಲ ಎನ್ನುವ ಆ ಇಮಾಮರು ಬ್ಯಾಡಗಿಯಲ್ಲಿ ಒಂದು ಸೀಜನ್ನು ದಲಾಲಿ ಮಾಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಈಗ ಎಲ್ಲರೂ ಅಕ್ಕ ಎನ್ನುತ್ತಿದ್ದವಳ ವಿಷಯ. ಕರ್ಜಗಿಯಿಂದ ಟಂಟಂ ಆಟೋದಲ್ಲಿ ಬರುವ ಹೆಂಗಸರ ಗುಂಪಿಗೆ ಅಕ್ಕ ಮುಂದಾಳು. ಅವರೆಲ್ಲ ಶೆಡ್ಡಿನಲ್ಲಿ ಕುಂತು ಕಾಯಿಯ ತೊಟ್ಟು ಬಿಡಿಸುತ್ತಾರೆ. ಬೇರೆ ಮಾಲಿಗೆ ತೊಟ್ಟು ತೆಗೆಯುವ ಯಂತ್ರವಿದೆ. ಕೋಷರ್ ಮುದ್ರೆಯ ಮಾಲು ಕೊಳ್ಳುವವರು ಮಾತ್ರ ಕೈಯಿಂದ ಆರಿಸಿದ್ದೇ ಬೇಕು ಎನ್ನುತ್ತಿದ್ದರು. ಹಾಗಾಗಿ ಆ ಮುದ್ರೆ ಇರುವ ತನಕ ಶೆಡ್ಡು, ಶೆಡ್ಡು ಇರುವ ತನಕ ಆ ಹೆಂಗಸರ ದುಡಿಮೆ. ಅಕ್ಕ ಗಂಡ ತೀರಿಕೊಂಡ ವರ್ಷ ಬಂದು ಕುಂತವಳು. ಸ್ವಂತದ್ದು ಅಂತ ಒಂದು ಗುಂಟೆ ಹೊಲವಿಲ್ಲ. ಆದರೆ ಸೀಜನ್ನಿನ ಮೊದಲ ಲೋಡು ಬಂದಾಗ ಪೂಜೆ ಮಾಡುವ ಹಕ್ಕು ಅವಳದು. ರಾಶಿಯಿಂದ ಒಂದು ಹಿಡಿ ಕಾಯಿ ತೆಗೆದು ತಟ್ಟೆಯಲ್ಲಿಟ್ಟು, ಅರಿಷಿಣ ಕುಂಕುಮ ಹಾಕಿ, ಊರ ದೇವತೆ ದ್ಯಾಮವ್ವನ ಫೋಟೋದ ಮುಂದೆ ಹಿಡಿಯುವಳು. ಆಮೇಲೆ ತೆಂಗಿನಕಾಯಿ ಒಡೆಯುವುದು, ಆಮೇಲೆ ಕೆಲಸ.

ಒಂದು ವರ್ಷ ಸಂಕ್ರಾಂತಿಗೆ ಮೊದಲು ಆ ಲೋಡು ಬಂತು. ಶೆಡ್ಡಿನಲ್ಲಿ ಆಳೆತ್ತರದ ಕೆಂಪು ರಾಶಿ. ಅಕ್ಕ ಆರತಿ ಹಚ್ಚಿದಳು. ಅಷ್ಟರಲ್ಲಿ ಗೇಟಿನಲ್ಲಿ ಕಾರು ನಿಂತು ರಬ್ಬಿ ಇಳಿದ. ಆ ವರ್ಷದ ಮೆಣಸಿನಕಾಯಿಯ ಘಾಟಿಗೆ ಸೀನುತ್ತಾ ನೇರವಾಗಿ ಶೆಡ್ಡಿಗೇ ಬಂದ.

ಅಕ್ಕನಿಗೆ ಎಲ್ಲಿಲ್ಲದ ಸಂತೋಷ. ಪೂಜೆಯ ಹೊತ್ತಿಗೆ ಸರಿಯಾಗಿ ಗಡ್ಡದ ಸ್ವಾಮಿಗಳು ಕರೆಯದೇ ಬಂದಿದ್ದಾರೆ. ನಮ್ಮ ಕಡೆ ದೊಡ್ಡವರು ಬಂದರೆ ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಆರತಿ ತಟ್ಟೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ತೆಂಗಿನಕಾಯಿ ಮುಂದೆ ಚಾಚಿ, "ಬರ್ರಿ ಅಪ್ಪಾರ, ನಿಮ್ಮ ಕೈಲೇ ಒಡೀರಿ" ಎಂದಳು.

ರಬ್ಬಿ ಕಾದ ಹಂಚು ಮುಟ್ಟಿದವನಂತೆ ಹಿಂದಕ್ಕೆ ಸರಿದ. ಎರಡೂ ಕೈ ಬೆನ್ನ ಹಿಂದೆ ಹೋದವು. ಅಕ್ಕನ ಕೈ ಹಾಗೇ ಚಾಚಿಕೊಂಡಿತ್ತು. ಕಾಟಾ ನೋಡಲು ಹೊರಟಿದ್ದ ಚಾಚಾ ತಿರುಗಿ ಬಂದು ಆ ತೆಂಗಿನಕಾಯಿ ಇಸಕೊಂಡರು. "ನಾ ಹಿಡದಿರ್ತೇನಿ, ತಾ ಅಕ್ಕಾ" ಎಂದರು. ಒಡೆಯಲಿಲ್ಲ, ಕೆಳಗೂ ಇಡಲಿಲ್ಲ.

ರಬ್ಬಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಈ ಮೆಣಸಿನಕಾಯಿಯನ್ನು ದೇವತೆಗೆ ಕೊಡುತ್ತಿದ್ದೀರೋ, ಅಥವಾ ಕೆಲಸ ಚೆನ್ನಾಗಿ ಆಗಲಿ ಎಂದು ದೇವತೆಯನ್ನು ಬೇಡುತ್ತಿದ್ದೀರೋ? ಬೇಡುವುದಾದರೆ ಅದು ನಿಮ್ಮ ವಿಷಯ, ನನಗೆ ಸಂಬಂಧವಿಲ್ಲ. ಕೊಟ್ಟದ್ದಾದರೆ, ವಿಗ್ರಹಕ್ಕೆ ಅರ್ಪಿಸಿದ್ದನ್ನು ನಮ್ಮವರು ಮುಟ್ಟುವಂತಿಲ್ಲ. ಇಡೀ ರಾಶಿಯನ್ನು ಬಿಡಬೇಕು. ಪ್ರತಿ ವರ್ಷ ಹೀಗೇ ನಡೆದಿದ್ದರೆ ಮುದ್ರೆಯನ್ನೇ ಬಿಡಬೇಕಾದೀತು.

ನನ್ನ ಉತ್ತರಕ್ಕೆ ಕಾಯದೆ ಚಾಚಾರನ್ನೂ ಕೇಳಿದ. ನೀವೂ ಒಬ್ಬನೇ ದೇವರನ್ನು ನಂಬಿದವರು, ನೀವು ಹೇಳಿ ಎಂದ. ಚಾಚಾ ತಲೆ ಅಲ್ಲಾಡಿಸಿ ನನಗೆ ಕನ್ನಡದಲ್ಲಿ ಹೇಳಿದರು, "ಆಕೀ ಮನಸಿನ್ಯಾಗಿಂದು ನಾ ಹೆಂಗ ಹೇಳ್ಲಿ ಮೇಡಂ? ಆಕೀನ್ನ ಕೇಳಂತ ಹೇಳ್ರಿ."

ನಾನು ಹೊರಗೆ ಹೋಗಿ ಮಾಲಕರಿಗೆ ಫೋನ್ ಮಾಡಿದೆ. ಅವರು ರಾಣೆಬೆನ್ನೂರಿನಲ್ಲಿದ್ದರು. "ಬರೇ ಶಾಸ್ತ್ರಕ್ಕ ಮಾಡೂದು ಅಂತ ಹೇಳಿ ಮುಗಸ್ರಿ. ಸರ್ಟಿಫಿಕೇಟ್ ಹೋತಂದ್ರ ಶೆಡ್ ಬಂದ್ ಮಾಡ್ತೇನಿ ನೋಡ್ರಿ, ಮಷಿನ್ ಐತಿ" ಎಂದರು. ಹಿಂತಿರುಗಿ ಬಂದು ಅಕ್ಕನಿಗೆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ. ಬೇಡುವುದು ಎಂಬ ಮಾತನ್ನು ಸ್ವಲ್ಪ ಒತ್ತಿಯೇ ಹೇಳಿದೆ.

ಅಕ್ಕನಿಗೆ ಪ್ರಶ್ನೆಯೇ ಅವಮಾನವೆನಿಸಿತು. "ಬೇಡಾಕ ನಾ ಏನ್ ಭಿಕ್ಷುಕಿ ಏನ್ರಿ ಬಾಯಾರ? ಕೊಟ್ಟೇನಿ. ಈ ರಾಶಿ ಪೂರಾ ಮೊದಲ ನಮ್ಮವ್ವಂದು, ಆಮ್ಯಾಗ ಮಂದೀದು. ಇಷ್ಟು ವರ್ಷ ಹಂಗ ಕೊಟ್ಟೇನಿ, ಹಂಗಂತ ಹೇಳ್ರಿ ಆ ಸ್ವಾಮಿಗೋಳಿಗೆ."

ಉಳಿದ ಹೆಂಗಸರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಶೆಡ್ಡು ಹೋಗುವ ವಿಷಯ ಅವರಿಗಿನ್ನೂ ಗೊತ್ತಿರಲಿಲ್ಲ. ಬರೇ ಶಾಸ್ತ್ರಕ್ಕೆ ಎಂದುಬಿಟ್ಟರೆ ಮುಗಿಯಿತು. ಇಂಗ್ಲಿಷ್ ತಿಳಿದವರು ಅಲ್ಲಿ ಮೂರೇ ಜನ, ಚಾಚಾ ನನ್ನ ಕಡೆ ನೋಡದೆ ತಮ್ಮ ಕೈಯಲ್ಲಿನ ತೆಂಗಿನಕಾಯಿಯ ನಾರು ಕೀಳುತ್ತಿದ್ದರು. ಅವರು ದುರುಗುಟ್ಟಿ ನೋಡಿದ್ದರೆ ಹಟಕ್ಕಾದರೂ ಸುಳ್ಳು ಹೇಳುತ್ತಿದ್ದೆನೇನೋ. ಅಕ್ಕ ಅಂದದ್ದನ್ನು ಅಂದ ಹಾಗೇ ಇಂಗ್ಲಿಷಿಗೆ ಹಾಕಿದೆ. ದೊಡ್ಡ ಗುಣವೇನಲ್ಲ ಅದು. ಈ ರಬ್ಬಿ ಇಷ್ಟು ವರ್ಷ ಬಂದು ಹೋಗಿ ಗುಟ್ಟಾಗಿ ಕನ್ನಡ ಕಲಿತಿರಬಹುದು ಎಂಬ ಅನುಮಾನ ನನಗಿತ್ತು.

ರಬ್ಬಿ ಖಾಲಿ ಚೀಲಗಳ ಅಟ್ಟಿಯ ಮೇಲೆ ಕುಳಿತ. ಗಡ್ಡ ಎಳೆದುಕೊಂಡ. ನಂತರ ಕೇಳಿದ, ಇದು ಯಾರ ಮೆಣಸಿನಕಾಯಿ?

ಮಾಲಕರದು ಎಂದೆ.

ದೇವತೆಗೆ ಕೊಡು ಎಂದು ಮಾಲಕ ಇವಳಿಗೆ ಹೇಳಿದ್ದಾನೆಯೇ? ಇಲ್ಲ. ಇದರಲ್ಲಿ ಇವಳಿಗೆ ಪಾಲು ಇದೆಯೇ? ಇಲ್ಲ, ಕೂಲಿ ಮಾತ್ರ. ಕೊಂಡವರು ಯಾರು? ಚಾಚಾ, ಮಾಲಕರ ಪರವಾಗಿ.

ಆತ ಎದ್ದು ಹೊರಗೆ ಹೋಗಿ ಯಾರಿಗೋ ಫೋನಿನಲ್ಲಿ ತನ್ನ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದ. ಬಂದಾಗ ಮುಖ ಹಗುರಾಗಿತ್ತು. ತನ್ನದಲ್ಲದ ವಸ್ತುವನ್ನು ಯಾರೂ ತಮ್ಮ ಮಾತಿನಿಂದ ನಿಷಿದ್ಧ ಮಾಡಲಾರರು, ಇದು ಬಹಳ ಹಳೆಯ ನಿಯಮ, ಆ ಕೈರೋ ವೈದ್ಯ ಇಂಥದ್ದನ್ನೆಲ್ಲ ಬರೆದಿಟ್ಟು ಹೋಗಿದ್ದಾನೆ ಎಂದ. ಅವಳು ರಾಶಿಯನ್ನು ಕೊಟ್ಟೆ ಎಂದರೂ ಅದು ಕೊಟ್ಟ ಹಾಗಾಗಲಿಲ್ಲ. ಆದರೂ ಎಚ್ಚರಿಕೆಗೆಂದು ತಟ್ಟೆಯಲ್ಲಿರುವ ಹಿಡಿ ಕಾಯಿಯನ್ನು ಮಾತ್ರ ಬೇರೆ ಇಡಿ, ಉಳಿದದ್ದು ನಡೆಯುತ್ತದೆ.

ನನಗೆ ಹೋದ ಜೀವ ಬಂದಂತಾಯಿತು. ಅಕ್ಕ ನನ್ನ ತೋಳು ಹಿಡಿದು ಕೇಳಿದಳು, "ಏನಂದ್ರು ಬಾಯಾರ?"

ಗೆದ್ದ ಖುಷಿಯಲ್ಲಿ ಹೇಳಿದೆ, "ಎಲ್ಲಾ ಪಾರಾತು ಅಕ್ಕಾ. ಮಾಲು ನಿಮ್ದಲ್ಲ, ಮಾಲಕರದು. ಹಿಂಗಾಗಿ ನೀವು ಕೊಟ್ಟೇನಿ ಅಂದ್ರೂ ಅದು ಕೊಟ್ಟಂಗ ಆಗಿಲ್ಲಂತ. ದ್ಯಾಮವ್ವಗ ಮುಟ್ಟೇ ಇಲ್ಲಂತ."

ಅಕ್ಕ ಆರತಿ ತಟ್ಟೆಯನ್ನು ನೆಲಕ್ಕಿಟ್ಟಳು. ದೀಪ ಇನ್ನೂ ಉರಿಯುತ್ತಿತ್ತು. "ಹಂಗಾದ್ರ ಇಷ್ಟು ವರ್ಷದ್ದು?" ಎಂದಳು. "ನಾ ಕೊಟ್ಟೇನಿ ಅಂತ ತಿಳ್ಕೊಂಡಿದ್ನೆಲ್ಲಾ ಬಾಯಾರ. ಅವ್ವಗ ಒಂದು ಕಾಯೀನೂ ಮುಟ್ಟಿಲ್ಲಾ?"

ರಬ್ಬಿ ಅವಳೇನು ಕೇಳಿದಳು ಎಂದ. ಹೇಳಿದೆ. ಆತ, ನಮ್ಮ ನಿಯಮ ಮೆಣಸಿನಕಾಯಿಯ ಬಗ್ಗೆ ಮಾತ್ರ ಹೇಳುತ್ತದೆ, ಅವಳ ಬಗ್ಗೆ ಏನೂ ಹೇಳುವುದಿಲ್ಲ ಎಂದು ಹೇಳಿ ಎಂದ. ಹೇಳಿದೆ. ಅಕ್ಕನಿಗೆ ಅದು ತಲುಪಿದ ಹಾಗೆ ಕಾಣಲಿಲ್ಲ. ಚಾಚಾ ಹತ್ತಿರ ಬಂದು ತೆಂಗಿನಕಾಯಿಯನ್ನು ಅವಳ ಕೈಗೆ ವಾಪಸ್ ಕೊಟ್ಟರು. "ಮಾಲು ಮಾಲಕಂದು ಇರಬಹುದು ಅಕ್ಕಾ. ನಿಯತ್ತು, ಕೊಡೂ ಮನಸು, ನಿಂದು. ಅದರ ಮ್ಯಾಲೆ ಯಾರ ಹಕ್ಕೂ ಇಲ್ಲ" ಎಂದರು. ಗಮನಿಸಿ, ದ್ಯಾಮವ್ವಗೆ ಮುಟ್ಟಿತು ಎಂದು ಅವರು ಹೇಳಲಿಲ್ಲ. ಅವರ ಧರ್ಮದಲ್ಲಿ ಎಷ್ಟು ಹೇಳಬಹುದೋ ಅಷ್ಟೇ ಹೇಳಿದರು, ಒಂದು ಚೂರು ಹೆಚ್ಚಿಲ್ಲ. ನಾನು ಅದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದವಳೇ.

ಶೆಡ್ಡು ಉಳಿಯಿತು. ಮಾಲಕರು ನನಗೆ ಶಹಭಾಷ್ ಎಂದರು. ಅಕ್ಕ ಆ ವರ್ಷವಿಡೀ ಮೊದಲಿನಷ್ಟು ಮಾತಾಡಲಿಲ್ಲ. ತೊಟ್ಟು ಬಿಡಿಸುತ್ತಾ ಕುಳಿತವಳು ಒಮ್ಮೊಮ್ಮೆ ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುವಳು. ನಾನು ಪರೀಕ್ಷಾಲಯದ ಕಿಟಕಿಯಿಂದ ನೋಡುತ್ತಿದ್ದೆ. ಇಬ್ಬರು ಪಂಡಿತರ ಮೇಲೂ ನನಗೆ ಕೋಪವಿತ್ತು. ಕೈರೋದವನು ದುಡಿಮೆ ಉಳಿಸಿ ಅವಳ ದೇವರ ಪಾಲು ಕಸಿದಿದ್ದ. ಬಗ್ದಾದಿನವರು ಚಾಚಾರ ಬಾಯಿಂದ ನಿಯತ್ತು ಕೊಟ್ಟು ಕೈ ತೊಳೆದುಕೊಂಡಿದ್ದರು. ಕೈರೋದವನು ಹುಟ್ಟುವ ಮೊದಲೇ ಬಗ್ದಾದಿನವರು ತೀರಿಕೊಂಡಿದ್ದರಂತೆ. ಇವನು ಅವರನ್ನು ಓದಿದ್ದನೇ ಎಂದು ಮುಂದಿನ ಸಲ ರಬ್ಬಿಯನ್ನು ಕೇಳಿದೆ. ಆತ ಅರಬ್ಬಿಯಲ್ಲೂ ಬರೆಯುತ್ತಿದ್ದ, ಮುಸಲ್ಮಾನ ಪಂಡಿತರನ್ನು ಓದುತ್ತಿದ್ದ, ಈ ಇಮಾಮರನ್ನೂ ಓದಿರಬಹುದು ಎಂದ. ಇರಬಹುದು ಎನ್ನುವುದು ನನ್ನ ಲೆಕ್ಕದಲ್ಲಿ ಉತ್ತರವಲ್ಲ.

ಮರುವರ್ಷ ಮೊದಲ ಲೋಡು ಬಂದ ದಿನ ಅಕ್ಕ ಪೂಜೆಗೆ ನಿಂತಳು. ಈ ಸಲ ರಾಶಿಗೆ ಕೈ ಹಾಕಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ ಅದರೊಳಗಿನ ಒಂದು ಹಿಡಿ ಮೆಣಸಿನಕಾಯಿಯನ್ನು ತಟ್ಟೆಗೆ ಸುರಿದಳು. "ಇವು ನನ್ನವು" ಎಂದಳು, ನನ್ನ ಕಡೆ ನೋಡಿ, ಕೇಳದಿದ್ದರೂ.

ನನ್ನ ಕಣ್ಣು ತಟ್ಟೆಯ ಮೇಲೆ ಬಿತ್ತು. ಸುಕ್ಕು ಸುಕ್ಕಾದ, ಕಡು ಕೆಂಪಿನ ಬ್ಯಾಡಗಿ ಕಡ್ಡಿ ತಳಿಯ ಕಾಯಿ. ಹಿಂದೆ ನಿಂತಿದ್ದ ರಾಶಿಯಲ್ಲಿದ್ದದ್ದೂ ಅದೇ. ಹಿತ್ತಲಲ್ಲಿ ನಾಲ್ಕು ಗಿಡ ಹಾಕಿರಬಹುದು. ಸಂತೆಯಲ್ಲಿ ಕೊಂಡಿರಬಹುದು. ಅಥವಾ ಹಿಂದಿನ ಸೀಜನ್ನಿನಲ್ಲಿ ಇದೇ ಶೆಡ್ಡಿನಿಂದ ದಿನಕ್ಕೊಂದು ಸೆರಗಿಗೆ ಸೇರಿರಬಹುದು. ಬುಡಕ್ಕೆ ಕೈ ಹಾಕಿ ಎಳೆಯಲು ನನಗೆ ಒಂದೇ ಪ್ರಶ್ನೆ ಸಾಕಿತ್ತು. ಮಾಲಕರದ್ದಾದರೆ ದ್ಯಾಮವ್ವಗೆ ಈ ಸಲವೂ ಏನೂ ಮುಟ್ಟಲಿಲ್ಲ, ಅವಳದ್ದಾದರೆ ಮುಟ್ಟಿತು.

ಅದು ನಾಲಿಗೆಯ ತುದಿಗೆ ಬಂದಿತ್ತು. ಚಾಚಾ ಕಾಟಾದ ಕಡೆ ಹೊರಟಿದ್ದರು, ನನ್ನನ್ನು ದಾಟುವಾಗ ಒಂದು ಕ್ಷಣ ನಿಂತು ಮುಂದೆ ಹೋದರು.

ತೆಂಗಿನಕಾಯಿ ಒಡೆಯಿತು. ಅಕ್ಕ ಕೊಬ್ಬರಿ ಚೂರು ಹಂಚುತ್ತಾ ನನ್ನ ಹತ್ತಿರ ಬಂದಳು. ನಾನು ಎರಡೂ ಕೈ ಒಡ್ಡಿ ತಗೊಂಡೆ. ಆ ಮೆಣಸಿನಕಾಯಿ ಯಾರದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.